ಉದುರುವ ಎಲೆಯ ಲೆಕ್ಕ

ಮುಲುಂಡ್ ಪೂರ್ವದ ನಮ್ಮ ಸೊಸೈಟಿಯ ಅಂಗಳದಲ್ಲಿ ಒಂದು ಬಾದಾಮಿ ಮರ ಇದೆ. ಕರಾವಳಿಯವರಿಗೆ ಇದರ ಪರಿಚಯ ಬೇರೆ ಹೇಳಬೇಕಾಗಿಲ್ಲ. ಅಂಗಡಿಯಲ್ಲಿ ಸಿಗುವ ದುಬಾರಿ ಬಾದಾಮಿ ಅಲ್ಲ ಇದು. ಶಾಲೆಯ ಎದುರು ಬೆಳೆದು, ಮಧ್ಯಾಹ್ನದ ಬಿಡುವಿನಲ್ಲಿ ಮಕ್ಕಳ ಕೈಯ ಕಲ್ಲಿಗೆ ಸಿಕ್ಕಿ ಒಡೆಯುವ ಕಾಡು ಬಾದಾಮಿ. ಕೊಂಬೆಗಳು ಕೊಡೆಯ ಮೇಲೆ ಕೊಡೆ ಬಿಚ್ಚಿದ ಹಾಗೆ ಅಂತಸ್ತು ಅಂತಸ್ತಾಗಿ ಚಾಚಿರುತ್ತವೆ. ವರ್ಷದ ಹತ್ತು ತಿಂಗಳು ಯಾರೂ ಅದನ್ನು ತಲೆಯೆತ್ತಿ ನೋಡುವುದಿಲ್ಲ. ಜನವರಿ ಬಂತೆಂದರೆ ಅಂಗೈಗಿಂತ ದೊಡ್ಡ ಎಲೆಗಳು ಒಂದೊಂದಾಗಿ ಕೆಂಪಾಗತೊಡಗುತ್ತವೆ. ಮೊದಲು ಹಳದಿ, ಮತ್ತೆ ಕಿತ್ತಳೆ, ಕೊನೆಗೆ ಕುಂಕುಮವೂ ಅಲ್ಲದ ರಕ್ತವೂ ಅಲ್ಲದ ಒಂದು ಕೆಂಪು. ಫೆಬ್ರವರಿ ಮುಗಿಯುವಷ್ಟರಲ್ಲಿ ಎಲ್ಲ ನೆಲಕ್ಕೆ.

ಈ ಮರದ ನೆಪದಲ್ಲಿ ನಾನೊಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ತಪ್ಪು ಹೌದೋ ಅಲ್ಲವೋ ಎನ್ನುವುದನ್ನು ಓದುಗರೇ ತೀರ್ಮಾನಿಸಲಿ. ಕಣ್ಣಿಗೆ ಚಂದ ಕಾಣಲಿ ಎಂಬ ಒಂದೇ ಕಾರಣಕ್ಕೆ ಒಂದು ಮರವನ್ನು ಬಯಸುವುದು ಎಷ್ಟರ ಮಟ್ಟಿಗೆ ಸರಿ? ಆ ಚಂದದ ಖರ್ಚನ್ನು ಬೇರೆಯವರು ಕೊಡಬೇಕಾಗಿ ಬಂದರೆ ಏನು ಮಾಡಬೇಕು? ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಡೆಬಿಟ್ ಕ್ರೆಡಿಟ್ ನೋಡಿದವನಿಗೆ ಈ ಲೆಕ್ಕ ಮಾತ್ರ ಇವತ್ತಿಗೂ ಸರಿಯಾಗಿ ತಾಳೆಯಾಗಿಲ್ಲ.

2019ರಲ್ಲಿ ನಾನು ನಿವೃತ್ತನಾದೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಾನೂ ನನ್ನ ಹೆಂಡತಿಯೂ ಅಮೆರಿಕದ ಮಗಳ ಮನೆಗೆ ಹೋದೆವು. ನಾರ್ತ್ ಕ್ಯಾರೊಲೈನಾ ರಾಜ್ಯದ ರಾಲಿ ಪಟ್ಟಣದ ಪಕ್ಕದ ಊರು. ಊರಿನ ಹೆಸರೇ ಕೇರಿ. "ಯಾವ ಕೇರಿ ಮಾರಾಯ?" ಎಂದು ಊರಿನಿಂದ ಅಣ್ಣ ಫೋನಿನಲ್ಲಿ ನಕ್ಕದ್ದುಂಟು. ಕೇರಿಯ ತುಂಬಾ ನಮ್ಮವರೇ, ತೆಲುಗರು, ತಮಿಳರು. ಸಂಜೆ ವಾಕಿಂಗ್ ಹೋದರೆ ಅರ್ಧ ಬಿ.ಟಿ.ಎಂ. ಲೇಔಟಿನಲ್ಲಿ ಹೋದ ಹಾಗೆ.

ಮಗಳ ಮನೆಯ ಹಿಂದೆ ಒಂದು ಸ್ವೀಟ್‌ಗಮ್ ಮರ ಇತ್ತು. ಅಮೆರಿಕದ ಆಗ್ನೇಯ ಭಾಗದ ಸ್ವಂತ ಮರ ಇದು. ಮೆಕ್ಸಿಕೋ, ಮಧ್ಯ ಅಮೆರಿಕದ ಬೆಟ್ಟಗಳಲ್ಲೂ ಇದೆ. ಎಲೆ ಐದು ಮೂಲೆಯ ನಕ್ಷತ್ರದ ಹಾಗೆ. ತೊಗಟೆಯಿಂದ ಪರಿಮಳದ ಅಂಟು ಬರುವುದರಿಂದ ಆ ಹೆಸರು. ಕಾಯಿ ಮಾತ್ರ ಗುಂಡಗೆ, ಮೈತುಂಬ ಮುಳ್ಳು. ಚಪ್ಪಲಿ ಇಲ್ಲದೆ ಅಂಗಳಕ್ಕಿಳಿದರೆ ಪಾದ ನೆನಪಿಟ್ಟುಕೊಳ್ಳುತ್ತದೆ. ಅಲ್ಲಿಯವರೂ ಈ ಮುಳ್ಳುಂಡೆಗಳಿಗೆ ಬೈದುಕೊಳ್ಳುತ್ತಲೇ ಮರವನ್ನು ನೆಡುತ್ತಾರೆ, ಶರತ್ಕಾಲದ ಬಣ್ಣಕ್ಕಾಗಿ. ನವೆಂಬರ್ ಮೊದಲ ವಾರ ಆ ಒಂದೇ ಮರದಲ್ಲಿ ಹಳದಿ, ಕಿತ್ತಳೆ, ಕೆಂಪು, ನೇರಳೆ ನಾಲ್ಕೂ ಇದ್ದವು. ಬೆಳಗಿನ ಕಾಫಿ ಹಿಡಿದು ಕಿಟಕಿಯ ಹತ್ತಿರ ಕೂತರೆ ಕಾಫಿ ಆರಿಹೋಗುತ್ತಿತ್ತು.

ಬಣ್ಣದ ಗುಟ್ಟನ್ನು ಅಳಿಯ ವಿವರಿಸಿದ. ಹಗಲು ಮೋಟಾಗಿ ರಾತ್ರಿ ತಂಪಾದಾಗ ಮರ ಎಲೆಯ ಹಸಿರನ್ನು ಒಡೆದು, ಅದರಲ್ಲಿರುವ ಸಾರವನ್ನು ಒಳಕ್ಕೆ ಎಳೆದುಕೊಳ್ಳುತ್ತದಂತೆ. ಹಸಿರು ಹೋದ ಮೇಲೆ ಮೊದಲಿನಿಂದಲೂ ಅಡಗಿದ್ದ ಹಳದಿ ಕಾಣುತ್ತದೆ. ಕೆಂಪು ಹಾಗಲ್ಲ, ಎಲೆಯಲ್ಲಿ ಉಳಿದ ಸಕ್ಕರೆಯಿಂದ ಅದು ಹೊಸದಾಗಿ ತಯಾರಾಗುತ್ತದೆ. ಕೆಲವೇ ದಿನಗಳಲ್ಲಿ ಉದುರಲಿರುವ ಎಲೆ ಹೊಸ ಬಣ್ಣವನ್ನೇಕೆ ತಯಾರಿಸಬೇಕು? ಆಗಷ್ಟೇ ನಿವೃತ್ತನಾದ ನನಗೆ ಈ ವಿಷಯ ತುಸು ಹೆಚ್ಚೇ ನಾಟಿತು ಎಂದು ಕಾಣುತ್ತದೆ.

ಹೊರಡುವ ಮೊದಲು ಇನ್ನೂ ಪೂರ್ತಿ ಬಾಯಿ ಬಿಡದ ಒಂದು ಮುಳ್ಳುಂಡೆಯನ್ನು ಕಾಗದದಲ್ಲಿ ಸುತ್ತಿ ಕೋಟಿನ ಕಿಸೆಯಲ್ಲಿಟ್ಟುಕೊಂಡೆ. ಬೀಜ, ಗಿಡ, ಹಣ್ಣು ತಂದಿದ್ದರೆ ಹೇಳಬೇಕು ಎಂಬುದು ನನಗೆ ಗೊತ್ತಿತ್ತು. ಹೊರದೇಶದ ಸಸ್ಯಗಳನ್ನು ತರುವುದಕ್ಕೆ ನಮ್ಮಲ್ಲಿ 2003ರ ಸಸ್ಯ ಸಂಪರ್ಕತಡೆ ಆದೇಶ ಇದೆ. ಬಿತ್ತುವ ಬೀಜಕ್ಕೆ ಮೊದಲೇ ಪರವಾನಗಿ ಬೇಕು, ಹೊರಟ ದೇಶದ ಆರೋಗ್ಯ ಪತ್ರ ಬೇಕು. ಒಂದು ಸಹಿ ಕಡಿಮೆ ಇದ್ದರೆ ಸಾಲದ ಫೈಲನ್ನು ವಾಪಸು ಕಳಿಸುತ್ತಿದ್ದ ಮನುಷ್ಯ ನಾನು. ಆ ರಾತ್ರಿ ಮುಂಬಯಿ ವಿಮಾನ ನಿಲ್ದಾಣದಲ್ಲಿ ಗ್ರೀನ್ ಚಾನೆಲ್ಲಿನಿಂದ ಏನೂ ಗೊತ್ತಿಲ್ಲದವನ ಹಾಗೆ ನಡೆದು ಬಂದೆ. ಎದೆ ಸ್ವಲ್ಪ ಹೊಡೆದುಕೊಂಡಿತು. ಟ್ಯಾಕ್ಸಿ ಹತ್ತಿದ ಮೇಲೆ ಹೆಂಡತಿಗೆ ಹೇಳಿದೆ. ಅವಳು, "ಒಂದು ಬೀಜಕ್ಕೆ ಯಾರು ಕೇಳ್ತಾರೆ ಬಿಡಿ" ಅಂದಳು. ಕೌಂಟರಿನ ಈಚೆ ಕೂತು ಇಂಥ ಮಾತನ್ನು ನಾನು ಎಷ್ಟು ಜನರ ಬಾಯಲ್ಲಿ ಕೇಳಿಲ್ಲ!

ಈ ಬೀಜ ಮೊಳೆಯಬೇಕಾದರೆ ಮೊದಲು ಚಳಿಗಾಲ ಕಳೆಯಬೇಕು. ಮುಂಬಯಿಯಲ್ಲಿ ಚಳಿಗಾಲ ಎಲ್ಲಿಂದ ತರುವುದು? ಫ್ರಿಜ್ಜಿನಿಂದ. ಒದ್ದೆ ಮರಳಿನಲ್ಲಿ ಕಲಸಿದ ರೆಕ್ಕೆಬೀಜಗಳು ಎರಡು ತಿಂಗಳು ನಮ್ಮ ಕರಿಬೇವಿನ ಡಬ್ಬಿಯ ಪಕ್ಕ ಮಲಗಿದವು. 2020ರ ಫೆಬ್ರವರಿಯಲ್ಲಿ ಬಿತ್ತಿದೆ. ಮಾರ್ಚ್ ಕೊನೆಗೆ ಲಾಕ್‌ಡೌನ್ ಆಯಿತು. ಹೊರಗೆ ಆಂಬುಲೆನ್ಸ್ ಸದ್ದು, ಒಳಗೆ ಐದು ಮೊಳಕೆಗಳು. ಆ ದಿನಗಳಲ್ಲಿ ಅವು ನಮಗೆ ಎಷ್ಟು ಸಮಾಧಾನ ಕೊಟ್ಟವೆಂದು ಹೇಳುವುದು ಕಷ್ಟ. ಜುಲೈ ಮಳೆಗೆ ನಾಲ್ಕು ಕೊಳೆತು ಹೋದವು. ಒಂದು ಉಳಿಯಿತು. ಅದನ್ನು ಟೆರೇಸಿನ ನೀಲಿ ಡ್ರಮ್ಮಿಗೆ ಸಾಗಿಸಿದೆ. 2022ರ ಕೊನೆಗೆ ನನ್ನ ಭುಜದೆತ್ತರ ಬಂದಿತ್ತು.

ಆದರೆ ಬಣ್ಣ? ಮುಂಬಯಿಯ ಜನವರಿಯ ರಾತ್ರಿ ಸಾಮಾನ್ಯವಾಗಿ 16-17 ಡಿಗ್ರಿಯ ಆಸುಪಾಸು. ನಮಗೆ ಸ್ವೆಟರ್ ಹಾಕಲು ಅಷ್ಟು ಸಾಕು, ಸ್ವೀಟ್‌ಗಮ್ಮಿಗೆ ಸಾಲದು. ಮೊದಲ ವರ್ಷ ಎಲೆಯ ಅಂಚು ಸುಟ್ಟ ಹಪ್ಪಳದಂತೆ ಕಂದಾಯಿತು. ಎರಡನೆಯ ವರ್ಷ ಅಲ್ಲಲ್ಲಿ ರೋಗಿಷ್ಟ ಹಳದಿ. ಉದುರಲೋ ಬೇಡವೋ ಎಂದು ತಿಳಿಯದೆ ನಿಂತ ಹಾಗಿತ್ತು ಗಿಡ. ಕೆಳಗೆ ಅಂಗಳದಲ್ಲಿ, ಯಾರೂ ಫ್ರಿಜ್ಜಿನಲ್ಲಿಡದ, ಯಾರೂ ನೀರು ಹಾಕದ ಬಾದಾಮಿ ಮರ ಮಾತ್ರ ತನ್ನಷ್ಟಕ್ಕೆ ಕೆಂಪಗೆ ಉರಿಯುತ್ತಿತ್ತು. ನಲವತ್ತು ವರ್ಷ ಈ ನಗರದಲ್ಲಿದ್ದು ನಾನದನ್ನು ನಿಜವಾಗಿ ನೋಡಿದ್ದು ಆಗಲೇ. ನೋಡಲು ನನಗೆ ಅಮೆರಿಕದ ಕಣ್ಣು ಬೇಕಾಯಿತು ಎನ್ನುವುದು ನಾಚಿಕೆಯ ವಿಷಯ.

2022ರ ದೀಪಾವಳಿಗೆ ಊರಿಗೆ ಹೋದಾಗ ಅಣ್ಣನಲ್ಲಿ ಈ ಗಿಡದ ಮಾತೆತ್ತಿದೆ. ನಮ್ಮದು ಸುಳ್ಯದ ಕಡೆ. ಮನೆ, ಅಡಿಕೆ ತೋಟ, ಬದಿಯಲ್ಲಿ ಸ್ವಲ್ಪ ತೆಂಗು. ಮುಂಬಯಿ ಸೆಕೆಗೆ ಬಾಡುತ್ತಿದೆ, ಇಲ್ಲಿ ಬಾವಿಕಟ್ಟೆಯ ಹತ್ತಿರ ನೆಟ್ಟರೆ ಬಂದೀತೋ ಏನೋ ಎಂಬುದು ನನ್ನ ಆಸೆ. ಅಣ್ಣ ಕೇಳಿದ:

"ಅದರಲ್ಲಿ ಏನು ಬಿಡ್ತದೆ?"

"ತಿನ್ನುವಂಥದ್ದು ಏನಿಲ್ಲ. ಎಲೆ ಹಳದಿಯಾಗ್ತದೆ, ಕೆಂಪಾಗ್ತದೆ. ನೋಡ್ಲಿಕ್ಕೆ."

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಮತ್ತೆ ಹೇಳಿದ: "ಎಲೆ ಹಳದಿಯಾಗುವುದನ್ನು ನೋಡ್ಲಿಕ್ಕೆ ಅಮೆರಿಕದ ಗಿಡ ಯಾಕೆ ಮಾರಾಯ? ಬಾ, ತೋಟಕ್ಕೆ ಹೋಗುವ."

ಹೋದೆವು. ಕೆಳಗಿನ ತೋಟದಲ್ಲಿ ಅಡಿಕೆಯ ಸೋಗೆಗಳು ಹಳದಿಯಾಗಿ ನಿಂತಿದ್ದವು. ಸಂಪಾಜೆ, ಅರಂತೋಡು ಕಡೆಯವರಿಗೆ ಈ ಹಳದಿ ಎಲೆ ರೋಗ ಏನೆಂದು ಗೊತ್ತು. ಶೃಂಗೇರಿ, ಕೊಪ್ಪದವರಿಗೂ ಗೊತ್ತು. ನೂರು ವರ್ಷಕ್ಕೂ ಹಿಂದೆ ಕೇರಳದಲ್ಲಿ ಕಾಣಿಸಿಕೊಂಡ ರೋಗ. ಕಣ್ಣಿಗೆ ಕಾಣದ ಜೀವಿ ಮರದ ನಾಳದೊಳಗೆ ಸೇರುತ್ತದೆ, ಒಂದು ಸಣ್ಣ ಜಿಗಿಹುಳ ಮರದಿಂದ ಮರಕ್ಕೆ ಅದನ್ನು ಹೊರುತ್ತದೆ. ಇವತ್ತಿಗೂ ವಾಸಿ ಮಾಡುವ ಮದ್ದು ಇಲ್ಲ. ಸೋಗೆ ಹಳದಿಯಾದ ಮೇಲೆ ವರ್ಷದಿಂದ ವರ್ಷಕ್ಕೆ ಫಸಲು ಇಳಿಯುತ್ತದೆ, ಕೊನೆಗೆ ತೋಟವೇ ಬರಿದಾಗುತ್ತದೆ. ಸಂಜೆಯ ಬಿಸಿಲು ಆ ಸೋಗೆಗಳ ಮೇಲೆ ಬಿದ್ದಿತ್ತು. ನಿಜ ಹೇಳುತ್ತೇನೆ, ನೋಡಲು ಚಂದವೇ ಇತ್ತು. ಆ ಚಂದ ಕಂಡದ್ದಕ್ಕೆ ನನಗೆ ನನ್ನ ಮೇಲೇ ಅಸಹ್ಯವಾಯಿತು.

ಬರುವಾಗ ತೆಂಗಿನ ಮರಗಳನ್ನು ತೋರಿಸಿದ. ಕೆಳಗಿನ ಗರಿಗಳ ಮೇಲೆ ಮಸಿ ಬಳಿದ ಹಾಗೆ ಕಪ್ಪು. ಗರಿಯ ಅಡಿಯಲ್ಲಿ ಸುರುಳಿ ಸುರುಳಿಯಾಗಿ ಬಿಳಿಯ ಮೇಣ. ಬಿಳಿನೊಣದ ಕೆಲಸ. ಈ ನೊಣ ಅಮೆರಿಕ ಖಂಡದ್ದು. 2016ರಲ್ಲಿ ಮೊದಲು ಪೊಳ್ಳಾಚಿಯ ತೆಂಗಿನ ತೋಟಗಳಲ್ಲಿ ಕಾಣಿಸಿಕೊಂಡು, ಬೇಗನೇ ಕೇರಳ, ಕರ್ನಾಟಕಗಳಿಗೂ ಹರಡಿತು. ಅದಕ್ಕೂ ಮೊದಲು 2008ರಲ್ಲಿ ಮೆಕ್ಸಿಕೋ ಮೂಲದ ಪಪ್ಪಾಯಿ ಹಿಟ್ಟುತಿಗಣೆ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು, ಪಪ್ಪಾಯಿ ಮಾತ್ರವಲ್ಲ, ರೇಷ್ಮೆಯವರ ಹಿಪ್ಪುನೇರಳೆಯನ್ನೂ ಹಾಳುಮಾಡಿತು. 2010ರಲ್ಲಿ ಅದರ ಶತ್ರುಕೀಟವನ್ನು ಪೋರ್ಟೊರಿಕೋದಿಂದ, ಎಲ್ಲ ಪರೀಕ್ಷೆ ಮಾಡಿ, ತರಿಸಿಕೊಂಡು ಬಿಟ್ಟ ಮೇಲೆ ಹತೋಟಿಗೆ ಬಂತು. ಈ ನೊಣ, ಈ ತಿಗಣೆ ಸಮುದ್ರ ದಾಟಿ ಹಾರಿ ಬಂದಿರಲಾರವು. ಎಲ್ಲೋ ಯಾರೋ ತಂದ ಗಿಡದಲ್ಲೋ ಹಣ್ಣಿನಲ್ಲೋ ಬಂದಿರಬೇಕು. ಆ ಯಾರೋ ನನ್ನಂಥವನೇ ಒಬ್ಬನಿರಬಹುದು. ಅವನ ಹೆಂಡತಿಯೂ "ಒಂದಕ್ಕೆ ಯಾರು ಕೇಳ್ತಾರೆ" ಎಂದಿರಬಹುದು.

ಇಲ್ಲಿ ಒಂದು ತೊಡಕು ಬರುತ್ತದೆ, ಅದನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ಹಾಗಾದರೆ ಹೊರಗಿನ ಮರವೆಲ್ಲ ಕೆಟ್ಟದ್ದೇ? ಮುಂಬಯಿಯ ಮೇ ತಿಂಗಳಿಗೆ ಬಣ್ಣ ಕೊಡುವ ಗುಲ್‌ಮೊಹರ್ ಮಡಗಾಸ್ಕರಿನದು. ರಸ್ತೆಗೆ ಚಪ್ಪರ ಹಾಕುವ ಮಳೆಮರ ದಕ್ಷಿಣ ಅಮೆರಿಕದ ಕಡೆಯದು. ಫೆಬ್ರವರಿ ಮಾರ್ಚಿಗೆ ವಿಕ್ರೋಲಿಯ ಹತ್ತಿರ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯನ್ನು ಗುಲಾಬಿ ಮಾಡುವ ಟಬೂಬಿಯಾ ಮಧ್ಯ ಅಮೆರಿಕದ್ದು. ನಮ್ಮ ಬೆಂಗಳೂರಿನಲ್ಲಿ ಒಂದು ಮರ ಹೂ ಮುಗಿಸಿದಾಗ ಇನ್ನೊಂದು ಶುರುಮಾಡುವ ಹಾಗೆ ಬೀದಿಗಳನ್ನು ಜೋಡಿಸಿದವರು ಜರ್ಮನಿಯ ಕ್ರುಂಬಿಗಲ್. ಅವರು ಬರೀ ಕಣ್ಣಿಗಾಗಿಯೇ ನೆಟ್ಟರು. ಇಡೀ ಊರು ಇವತ್ತಿಗೂ ಅವರನ್ನು ನೆನೆಯುತ್ತದೆ.

ಮುಂಬಯಿಯಲ್ಲಿರುವ ಕನ್ನಡಿಗನಿಗೆ "ಹೊರಗಿನದು" ಎಂಬ ಶಬ್ದದ ಬಗ್ಗೆ ಬೇರೊಂದು ಎಚ್ಚರವೂ ಇರುತ್ತದೆ. ಅರುವತ್ತರ ದಶಕದ ಕೊನೆಯಲ್ಲಿ ಇಲ್ಲಿ ದಕ್ಷಿಣದವರ ವಿರುದ್ಧ ಎದ್ದ ಗಲಾಟೆಯಲ್ಲಿ ನಮ್ಮವರ ಹೋಟೆಲುಗಳ ಗಾಜು ಒಡೆದ ಕತೆಯನ್ನು ಹಿರಿಯರ ಬಾಯಲ್ಲಿ ಕೇಳಿದ್ದೇನೆ. ನೀವು ಈ ಮಣ್ಣಿನವರಲ್ಲ, ನಮ್ಮ ಜಾಗ ತಿಂದಿರಿ, ಎಂಬ ಮಾತು. ಮರದ ವಿಷಯದಲ್ಲಿ ನಾನು ಅದೇ ಮಾತಾಡಿದರೆ ಕೂತ ಕೊಂಬೆಯನ್ನೇ ಕಡಿದ ಹಾಗೆ.

ಮೊದಲಿಗೆ ನಾನೊಂದು ಸಮಾಧಾನ ಕಂಡುಕೊಂಡೆ: ನಾವು ನೇಮಕದ ಪತ್ರ ಹಿಡಿದು, ಮುಂಬಾಗಿಲಿನಿಂದ ಬಂದವರು, ಬೀಜ ಕಿಸೆಯಲ್ಲಿ ಅಡಗಿ ಬಂತು, ಅದೇ ವ್ಯತ್ಯಾಸ. ಆದರೆ ಈ ಸಮಾಧಾನ ನಿಲ್ಲಲಿಲ್ಲ. ಹತ್ತು ಹನ್ನೆರಡು ವರ್ಷಕ್ಕೆ ಮನೆಯಿಂದ ಓಡಿ ಬಂದು, ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತು ದೊಡ್ಡವರಾದ ಹುಡುಗರ ಕೈಯಲ್ಲಿ ಯಾವ ಪತ್ರ ಇತ್ತು? ಎಷ್ಟೋ ಮಂದಿ ಟಿಕೆಟ್ಟೂ ಇಲ್ಲದೆ ಬಂದವರು. ಅವರು ಮಾಡಿದ್ದು ತಪ್ಪು, ನಾನು ಮಾಡಿದ್ದು ಸರಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಬಹಳ ಯೋಚಿಸಿದ ಮೇಲೆ ನನಗೆ ತೋಚಿದ್ದು ಇಷ್ಟು. ಆ ಹುಡುಗ ತನ್ನ ಹೊಟ್ಟೆಗಾಗಿ ತಾನೇ ಬಂದ. ಕಷ್ಟವನ್ನೂ ತಾನೇ ಉಂಡ. ಅವನು ಮನುಷ್ಯ, ಮಾತು ಕಲಿತ, ನೆರೆಯವರಿಗೆ ಉತ್ತರ ಕೊಟ್ಟ. ಬೀಜ ತಾನಾಗಿ ಬರಲಿಲ್ಲ. ನಾನು ನನ್ನ ಕಣ್ಣಿಗಾಗಿ ತಂದೆ. ಅದರ ಜೊತೆ ಏನಾದರೂ ಬಂದಿದ್ದರೆ ಉಣ್ಣಬೇಕಾದವನು ನಾನಲ್ಲ, ನನ್ನ ಅಣ್ಣ. ಎಂ.ಕಾಂ. ಓದುವಾಗ ಪಿಗೂ ಎಂಬ ಅರ್ಥಶಾಸ್ತ್ರಜ್ಞರ ವಿಚಾರವನ್ನು ಉರುಹೊಡೆದಿದ್ದೆ. 1920ರಲ್ಲೇ ಅವರು ಬರೆದದ್ದು: ಒಬ್ಬ ತನ್ನ ಲಾಭಕ್ಕೆ ಮಾಡುವ ಕೆಲಸದ ನಷ್ಟ ಅವನ ಲೆಕ್ಕದ ಪುಸ್ತಕಕ್ಕೆ ಬಾರದೆ ಬೇರೊಬ್ಬರ ತಲೆಗೆ ಬೀಳಬಹುದು. ಪರೀಕ್ಷೆಯಲ್ಲಿ ಕಾರ್ಖಾನೆಯ ಹೊಗೆಯ ಉದಾಹರಣೆ ಬರೆದು ಅಂಕ ತೆಗೆದಿದ್ದೆ. ನನ್ನ ಕೋಟಿನ ಕಿಸೆಯೂ ಒಂದು ಉದಾಹರಣೆ ಎಂದು ಹೊಳೆಯಲು ನಲವತ್ತು ವರ್ಷ ಬೇಕಾಯಿತು. ತಪ್ಪು ಮರ ಹೊರಗಿನದ್ದು ಎನ್ನುವುದರಲ್ಲಿಲ್ಲ, ಚಂದವನ್ನು ಬಯಸಿದ್ದರಲ್ಲೂ ಇಲ್ಲ. ಯಾರ ತಲೆಗೆ ಬೀಳುತ್ತದೋ ಅವರನ್ನು ಕೇಳದೆ, ಕೇಳುವವರ ಕಣ್ಣು ತಪ್ಪಿಸಿ ಬಂದದ್ದರಲ್ಲಿದೆ.

2023ರ ಜನವರಿಯಲ್ಲಿ ಒಂದು ಭಾನುವಾರ ಗಿಡವನ್ನು ಬೇರುಸಹಿತ ಕಿತ್ತೆ. ತುಂಡು ಮಾಡಿ ಬಿಸಿಲಲ್ಲಿ ಒಣಗಿಸಿ ಹಳೆಯ ಬಾಣಲೆಯಲ್ಲಿಟ್ಟು ಸುಟ್ಟೆ. ಡ್ರಮ್ಮಿನ ಮಣ್ಣಿಗೆ ಕುದಿಯುವ ನೀರು ಹೊಯ್ದೆ. ಹೆಂಡತಿ ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಲಾಕ್‌ಡೌನಿನ ಆ ದಿನಗಳಲ್ಲಿ ಜೊತೆಗಿದ್ದ ಜೀವ ಅದು. ಮೂರು ವರ್ಷದಲ್ಲಿ ಅದರ ಮೇಲೆ ಒಂದು ಹುಳವೂ ಕಂಡಿರಲಿಲ್ಲ. "ಅದು ಏನು ತಪ್ಪು ಮಾಡಿತ್ತು?" ಎಂದು ಕೇಳಿದಳು. ನನ್ನ ತಪ್ಪಿಗೆ ಅದಕ್ಕೆ ಶಿಕ್ಷೆಯಾಯಿತು ಎಂಬುದು ನಿಜ. ಸಂಬಂಧಪಟ್ಟ ಇಲಾಖೆಗೆ ಹೋಗಿ ಹೇಳಿಕೊಂಡು, ಪರೀಕ್ಷೆ ಮಾಡಿಸಬಹುದಿತ್ತು. ಅಷ್ಟು ಧೈರ್ಯ ನನಗಿರಲಿಲ್ಲ ಎಂಬುದೂ ನಿಜ.

ಇಷ್ಟಾದ ಮೇಲೆ ನಾನು ಪಾಠ ಕಲಿತೆ ಎಂದುಕೊಂಡಿದ್ದೆ. ಕಲಿತಿರಲಿಲ್ಲ.

2024ರ ಜನವರಿಯಲ್ಲಿ ಸೊಸೈಟಿಯ ಸಭೆಯಲ್ಲಿ ಬಾದಾಮಿ ಮರದ ವಿಷಯ ಬಂತು. "ಕಿತಿ ಕಚರಾ ಕರ್ತಂ ಹೇ ಝಾಡ್!" ಎಂದು ಶುರುವಾಯಿತು. ಎಷ್ಟು ಕಸ ಮಾಡುತ್ತದೆ ಈ ಮರ! ಎಲೆ ಬಿದ್ದು ಚರಂಡಿ ಕಟ್ಟುತ್ತದೆ, ರಾತ್ರಿ ಬಾವಲಿಗಳು ಕಾಯಿ ತಿಂದು ಕಾರುಗಳ ಮೇಲೆ ಬೀಳಿಸುತ್ತವೆ, ಕಡಿದರೆ ಎರಡು ಪಾರ್ಕಿಂಗ್ ಆಗುತ್ತದೆ. ನಾನು ಎದ್ದು ನಿಂತೆ. ಮಹಾರಾಷ್ಟ್ರದಲ್ಲಿ 1975ರಿಂದಲೇ ನಗರದ ಮರಗಳಿಗೆ ಕಾಯಿದೆಯ ರಕ್ಷಣೆ ಇದೆ, ಪಾಲಿಕೆಯ ವೃಕ್ಷ ಪ್ರಾಧಿಕಾರದ ಅನುಮತಿಯಿಲ್ಲದೆ ಮುಟ್ಟುವ ಹಾಗಿಲ್ಲ ಎಂದು ನೆನಪಿಸಿದೆ. 2019ರ ಅಕ್ಟೋಬರಿನಲ್ಲಿ ಆರೇ ಕಾಲೋನಿಯಲ್ಲಿ ಮೆಟ್ರೋ ಶೆಡ್ಡಿಗಾಗಿ ರಾತ್ರೋರಾತ್ರಿ ಎರಡು ಸಾವಿರಕ್ಕೂ ಹೆಚ್ಚು ಮರಗಳು ಉರುಳಿದ್ದನ್ನು ಹೇಳಿದೆ. ಅಮೆರಿಕದವರು ಇಂಥ ಬಣ್ಣಕ್ಕಾಗಿ ದುಡ್ಡು ಕೊಟ್ಟು ಮರ ನೆಡುತ್ತಾರೆ ಎಂದೆ. ಮರ ಉಳಿಯಿತು. ಕೆಲವರು ಕೈಕುಲುಕಿದರು. ಮನೆಗೆ ಹೋಗಿ ಒಂದು ಲೋಟ ಕಾಫಿ ಹೆಚ್ಚು ಕುಡಿದೆ.

ಮರುದಿನ ಬೆಳಿಗ್ಗೆ ಅಂಗಳ ಗುಡಿಸುವ ಬಾಯಿ ಪೊರಕೆಗೆ ಒರಗಿ ನಿಂತಿದ್ದಳು. ಸಭೆಯ ಸುದ್ದಿ ಅವಳಿಗೂ ತಲುಪಿತ್ತು. ನಗುತ್ತಲೇ ಹೇಳಿದಳು: "ಸಾಹೇಬ್, ತುಮ್ಚಂ ಝಾಡ್, ಮಾಝೀ ಕಂಬರ್." ಮರ ನಿಮ್ಮದು, ಸೊಂಟ ನನ್ನದು.

ಬಾದಾಮಿ ಎಲೆ ತೆಳ್ಳಗಿನ ಎಲೆಯಲ್ಲ, ಚರ್ಮದ ಹಾಗೆ ದಪ್ಪ. ಗುಡಿಸಿದಷ್ಟೂ ಬೀಳುತ್ತದೆ. ಈ ಎರಡು ತಿಂಗಳು ಅವಳಿಗೆ ದಿನಕ್ಕೆ ಒಂದು ಗಂಟೆ ಹೆಚ್ಚು ಕೆಲಸ, ಸಂಬಳ ಅಷ್ಟೇ. ಅವಳಿಗೆ ಸಭೆಯಲ್ಲಿ ಮತವಿಲ್ಲ. ಮರ ಬೇಕೆಂದವರೂ ಬೇಡವೆಂದವರೂ ಅವಳನ್ನು ಒಂದು ಮಾತು ಕೇಳಿರಲಿಲ್ಲ. ಗಿಡ ಸುಟ್ಟು ಒಂದು ವರ್ಷ ಆಗಿತ್ತು, ನಾನು ಪುನಃ ಅದೇ ಜಾಗದಲ್ಲಿ ನಿಂತಿದ್ದೆ: ಕಣ್ಣು ನನ್ನದು, ಖರ್ಚು ಇನ್ನೊಬ್ಬರದು.

ಈ ಸಲ ಸುಡುವಂಥದ್ದು ಏನೂ ಇರಲಿಲ್ಲ. ಮುಂದಿನ ಸಭೆಯಲ್ಲಿ ಜನವರಿ, ಫೆಬ್ರವರಿಗೆ ಅವಳಿಗೆ ಹೆಚ್ಚಿಗೆ ಕೊಡಬೇಕೆಂದು ಕೇಳಿದೆ. ಮರದ ಪರ ಕೈಯೆತ್ತಿದ್ದವರಲ್ಲಿ ಕೆಲವರು ಈಗ ಮೊಬೈಲ್ ನೋಡತೊಡಗಿದರು. ಕೊನೆಗೆ ನಾನು ಕೇಳಿದ್ದರ ಅರ್ಧ ಮಂಜೂರಾಯಿತು. ಭಾನುವಾರ ಅವಳಿಗೆ ರಜೆ. ಅಂದು ನಾನೂ ಇನ್ನಿಬ್ಬರೂ ಗುಡಿಸುತ್ತೇವೆ. ಎಲೆಗಳು ಹಿಂದಿನ ಗುಂಡಿಗೆ ಹೋಗಿ ಗೊಬ್ಬರವಾಗುತ್ತವೆ. ಮೂರನೆಯ ಮಹಡಿಯ ಕಾಲೇಜು ಹುಡುಗ ಚೆನ್ನಾಗಿ ಒಣಗಿದ ಎಲೆಗಳನ್ನು ಆರಿಸಿ ತನ್ನ ಫೈಟರ್ ಮೀನಿನ ತೊಟ್ಟಿಗೆ ಒಯ್ಯುತ್ತಾನೆ. ಇದರಿಂದ ಲೆಕ್ಕ ತಾಳೆಯಾಯಿತು ಎಂದು ನಾನು ಹೇಳುವುದಿಲ್ಲ. ವಾರದ ಆರು ದಿನದ ಸೊಂಟ ಇನ್ನೂ ಅವಳದೇ. ಆದರೆ ಗುಡಿಸಿದ ಮೇಲೆ ನೋಡುವ ಕೆಂಪಿಗೂ ಮೂರನೆಯ ಮಹಡಿಯ ಕಿಟಕಿಯಿಂದ ನೋಡಿದ ಕೆಂಪಿಗೂ ವ್ಯತ್ಯಾಸ ಇದೆ. ಮೊದಲಿನದು ಸ್ವಲ್ಪ ಕಡಿಮೆ ಚಂದ, ಸ್ವಲ್ಪ ಹೆಚ್ಚು ನಿಜ.

ಒಂದು ಮಾತು ಊರಿನ ಓದುಗರಿಗೆ. ಇಂಗ್ಲಿಷಿನ ಆಟಮ್ಮನ್ನು ನಾವು ಶರತ್ಕಾಲ ಎಂದು ಅನುವಾದಿಸುತ್ತೇವೆ. ನಮ್ಮ ಶರದೃತು ನವರಾತ್ರಿ, ದೀಪಾವಳಿಯ ಕಾಲ; ಮಳೆ ನಿಂತು ಎಲ್ಲ ಹಸಿರಾಗಿ ತೊಳೆದಿಟ್ಟ ಹಾಗಿರುತ್ತದೆ, ಎಲೆ ಉದುರುವುದಿಲ್ಲ. ನಮ್ಮಲ್ಲಿ ಎಲೆ ಉದುರುವುದು ಶಿಶಿರದಲ್ಲಿ. ಹಿಂದೆಯೇ ಯುಗಾದಿಯ ಹೊತ್ತಿಗೆ ಮಾವಿನ ಚಿಗುರು, ಸಾಗಡೆಯ ಚಿಗುರು, ನಾಗಸಂಪಿಗೆಯ ಚಿಗುರು ಕೆಂಪಗೆ ಬರುತ್ತದೆ. ಅವರ ಕಡೆ ಎಲೆ ಹೋಗುವಾಗ ಕೆಂಪು, ನಮ್ಮ ಕಡೆ ಹೆಚ್ಚಾಗಿ ಬರುವಾಗ ಕೆಂಪು. ಅದನ್ನು ನೋಡುವುದಕ್ಕೆ ಯಾವ ಪರವಾನಗಿಯೂ ಬೇಡ, ಅಣ್ಣನ ತೋಟಕ್ಕೆ ಅಪಾಯವೂ ಇಲ್ಲ. ಮನೆ ಬಿಟ್ಟು ದೂರ ಬಂದವರಿಗೆ ಮಾತ್ರ ಇದು ತಡವಾಗಿ ಕಾಣುತ್ತದೆ. ನನಗಂತೂ ಎರಡು ಸಲ ದೂರ ಹೋಗಬೇಕಾಯಿತು.

ಮೊನ್ನೆ ಕೇರಿಯಿಂದ ಮೊಮ್ಮಗಳು ವಿಡಿಯೋ ಕಾಲ್ ಮಾಡಿದಳು. ಕ್ಯಾಮೆರಾ ಅಂಗಳದ ಕಡೆ ತಿರುಗಿಸಿದೆ. "ಅಜ್ಜ, ನಿಮ್ಮಲ್ಲೂ ಫಾಲ್ ಬಂತಾ?" ಎಂದಳು.

"ಬಂತು. ಇಲ್ಲಿ ಸಂಕ್ರಾಂತಿಗೆ ಬರ್ತದೆ," ಎಂದೆ. ಭಾನುವಾರ. ಫೋನನ್ನು ಕಟ್ಟೆಯ ಮೇಲಿಟ್ಟು ಪೊರಕೆ ಎತ್ತಿಕೊಂಡೆ.